ನಾರುವ ಕೆರೆಗೆ ಮಂಜಿಯ ಹೆಸರು

ಬೆಳಕೆ ಊರಿನ ದುರ್ಗಿಯ ಮನೆ ಹಿಂದಿನ ಸಣ್ಣ ಕೆರೆ ಎಂಟು ದಿನದಿಂದ ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತಿತ್ತು. ನೀರು ಕಪ್ಪಾಗಿತ್ತು, ಸತ್ತ ಮೀನು ತೇಲುತ್ತಿದ್ದವು. ದುರ್ಗಿಗೆ ವಿಚಾರಣೆಯೇ ಬೇಕಾಗಲಿಲ್ಲ. ಪಕ್ಕದ ಮನೆಯ ಮಂಜಿ ಮೀನು ಮಾರುವವಳು. ಮಾರಿ ಉಳಿದದ್ದನ್ನು ಯಾರೂ ಕಾಣದಾಗ ಇಲ್ಲಿ ಸುರಿಯುತ್ತಾಳೆ ಎಂದು ಕೇರಿಗೆಲ್ಲ ಹೇಳಿಬಿಟ್ಟಳು. ಮರುದಿನದಿಂದ ಮಂಜಿಯ ಬುಟ್ಟಿಗೆ ಕೇರಿಯಲ್ಲಿ ಒಬ್ಬರೂ ಕೈ ಹಾಕಲಿಲ್ಲ. ಪಾಪ, ಅವಳ ಮನೆ ನಡೆಯುವುದೇ ಆ ಬುಟ್ಟಿಯಿಂದ.

ಆಶಾ ಕಾರ್ಯಕರ್ತೆ ಹೇಮಾ ಬಂದಾಗ ದುರ್ಗಿ ಅವಳನ್ನು ಸೀದಾ ಕೆರೆದಂಡೆಗೆ ಎಳೆದುಕೊಂಡು ಹೋದಳು.

"ಪಂಚಾಯ್ತಿಗೆ ಅರ್ಜಿ ಕೊಡ್ತೆ ಹೇಮಕ್ಕ, ಬರ್ಕೊಡಿ."

"ಮಂಜಿ ಸುರಿದದ್ದು ನೀವು ಕಂಡಿದ್ರಾ?"

"ಕಾಣೂದು ಎಂತಕ್ಕೆ? ಮೀನು ಇಲ್ಲೇ ತೇಲ್ತಾ ಇದೆಯಲ್ಲ!"

ಬೇಲಿಯಾಚೆ ನಿಂತಿದ್ದ ಮಂಜಿಗೆ ತಡೆಯಲಾಗಲಿಲ್ಲ. "ನಾ ಮಾರೂದು ಬಂಗಡೆ, ತಾರ್ಲೆ. ಸಮುದ್ರದ್ದು. ಅದು ಕೆರೆ ಮೀನು ಮಾರಾಯ್ತಿ! ತಿನ್ನೂಕೆ ಬರ್ತದೆ, ಗುರ್ತು ಹಿಡಿಯೂಕೆ ಬರೂದಿಲ್ವ?"

ಹೇಮಾ ಕೋಲು ಹಾಕಿ ತಳ ಕೆದಕಿದಳು. ಬುಳುಬುಳು ಗುಳ್ಳೆ ಎದ್ದು, ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಬಡಿಯಿತು. ಕೋಲಿಗೆ ಸಿಕ್ಕಿ ಮೇಲೆ ಬಂದದ್ದು ಕಪ್ಪಾದ ತೆಂಗಿನ ಗರಿ, ಮಡಲು.

"ಇದು ಯಾರದ್ದು?"

ದುರ್ಗಿಯ ದನಿ ಇಳಿಯಿತು. "ನಂದೇ. ತಟ್ಟಿ ಹೆಣೆಯೂಕೆ ನಲವತ್ತು ಮಡ್ಲು ನೆನೆಸಿದ್ದೆ. ಗದ್ದೆ ಕೊಯ್ಲು ಬಂತು, ತೆಗೆಯೂಕೇ ಆಗ್ಲಿಲ್ಲ. ಆದ್ರೆ ನಮ್ಮ ಅಜ್ಜಿಯೂ ಇಲ್ಲೇ ನೆನೆಸ್ತಿತ್ತು. ಆಗ ನಾರಲಿಲ್ಲ!"

ಹೇಮಾ ಕೆರೆಯ ಮೂಲೆಗೆ ಕೋಲು ತೋರಿಸಿದಳು. "ಅಜ್ಜಿ ನೀರು ಹೋಗೂ ತೂಬು ಹೀಗೆ ಮುಚ್ಚಿದ್ರಾ?"

"ಇಲ್ಲ... ಹರಿವೆ ಸೊಪ್ಪಿನ ಸಾಲಿಗೆ ನೀರು ಬೇಕು ಅಂತ ನಾನೇ ಮಣ್ಣು ಹಾಕಿ ಮುಚ್ಚಿದೆ."

"ಅಲ್ಲೇ ಆದದ್ದು. ನಿಂತ ನೀರಲ್ಲಿ ಸೊಪ್ಪು, ಮಡ್ಲು ಕೊಳೆಯೂವಾಗ ನೀರೊಳಗಿನ ಗಾಳಿಯೆಲ್ಲ ಮುಗೀತದೆ. ಮೀನು ಉಸಿರು ಕಟ್ಟಿ ಸಾಯ್ತವೆ. ಆಮೇಲೆ ಗಾಳಿ ಇಲ್ದೆ ಬದುಕೂ ಕ್ರಿಮಿಗಳದ್ದೇ ಕಾರುಬಾರು. ಅವು ಬಿಡೂ ಅನಿಲವೇ ಈ ನಾತ. ನೀರು ಹರೀತಿದ್ರೆ ಹೊಸ ಗಾಳಿ ಸೇರ್ತದೆ."

ಮಡಲು ಎತ್ತಿ ತೂಬು ಬಿಚ್ಚಿದ್ದು ಅರ್ಧ ದಿನದ ಕೆಲಸ. ಆಡಿದ ಮಾತನ್ನು ಹಿಂತೆಗೆಯುವುದು ಕಷ್ಟವಾಯಿತು. ಮರುದಿನ ಮಂಜಿಯ ಮೀನಿನ ಬುಟ್ಟಿಯನ್ನು ದುರ್ಗಿಯೇ ಹೊತ್ತು, ಅವಳ ಜೊತೆ ನಡೆದು, ನಾಚಿಕೆಯಿಂದ ಕುಗ್ಗಿ, ಮನೆಮನೆಯ ಅಂಗಳದಲ್ಲಿ ಹೇಳಿದಳು: "ನಾತ ನನ್ನ ಮಡ್ಲಿಂದು. ಮಂಜಿದು ಎಂತದೂ ತಪ್ಪಿಲ್ಲ."

"ಆತು, ಬೇಗ ನಡಿ," ಎಂದಳು ಮಂಜಿ. "ಬಿಸಿಲೇರಿದ್ರೆ ಮೀನು ಹಾಳಾಗ್ತದೆ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೆರೆ ನಾರಿದರೆ ಆ ನೀರಲ್ಲಿ ಸ್ನಾನ ಬೇಡ, ಪಾತ್ರೆ ತೊಳೆಯುವುದು ಬೇಡ, ದನಕ್ಕೂ ಕುಡಿಸಬೇಡಿ. ಕೊಳೆಯುವ ಕಸ ಎತ್ತಿ, ನೀರಿಗೆ ಹರಿಯಲು ದಾರಿ ಬಿಡಿ. ಮತ್ತೆ, ಕಣ್ಣಾರೆ ಕಾಣದೆ ನೆರೆಯವರ ಹೆಸರು ಎತ್ತಬೇಡಿ. ಅವರೂ ದುಡಿದು ತಿನ್ನುವವರು.