ಸದ್ದಿಲ್ಲದ ಮನೆ

"ಇದೂ ಬೇಡ," ಎಂದು ಪ್ರೆಸ್ಸಿನ ಮೇಸ್ತ್ರಿ ಕಿಟಕಿಯನ್ನು ಪಟ್ಟನೆ ಮುಚ್ಚಿದ. ಮನೆ ತೋರಿಸಲು ಬಂದಿದ್ದ ಹೆಂಗಸು ಬೀಗದಕೈ ಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ಬೆಳಗ್ಗಿನಿಂದ ಇದು ಮೂರನೆಯ ವಿಲ್ಲಾ. ಮೊದಲನೆಯದರ ಅಡುಗೆಮನೆ ಕತ್ತಲೆಯೆಂದಿದ್ದ. ಎರಡನೆಯದಕ್ಕೆ ಮೆಟ್ಟಿಲು ಹೆಚ್ಚಾಗಿತ್ತು. ಇದರ ಮೇಲೆ ಏನು ತಪ್ಪು ಹೊರಿಸುವುದೆಂದು ತೋಚದೆ, ಗೋಡೆ ತೇವ ಕಟ್ಟಿದೆ ಎಂದ. ಹೆಂಡತಿ ಗೋಡೆಯ ಮೇಲೆ ಅಂಗೈಯಿಟ್ಟು ನೋಡಿದಳು. ಒಣಗಿ ಬೆಚ್ಚಗಿತ್ತು.

"ಕುಣಿಯೋಕೆ ಬಾರದವರಿಗೆ ನೆಲ ಡೊಂಕಂತೆ. ರಜ ಕಳೆಯೋಕೆ ಬಾರದವರಿಗೆ ಗೋಡೆ ತೇವ," ಎಂದಳು. ಅಂದದ್ದು ತಮಾಷೆಗೇ ಆದರೂ ದನಿ ಬಿಗಿದುಕೊಂಡಿತ್ತು.

ಅವಳು ಒಂದನೇ ಕ್ಲಾಸಿನ ಟೀಚರು. ಇಪ್ಪತ್ತನಾಲ್ಕು ವರ್ಷದಿಂದ ದಿನವೂ ಐವತ್ತು ಅರವತ್ತು ಮಕ್ಕಳ ಗಲಾಟೆ ತಲೆಯಲ್ಲಿ ತುಂಬಿಕೊಂಡು ಮನೆಗೆ ಬರುವವಳು. ಯಾರೂ 'ಮಿಸ್' ಎಂದು ಕೂಗದ ಜಾಗದಲ್ಲಿ ಒಂದು ವಾರ ಇರಬೇಕೆಂಬುದು ಎರಡು ವರ್ಷದಿಂದ ಅವಳು ಬಿಡದೆ ಹಿಡಿದ ಮಾತು. ರೆಸಾರ್ಟಿನಲ್ಲಾದರೆ ಈಜುಕೊಳದ ಕೇಕೆ, ಸಂಜೆಯಾದರೆ ಹಾಡು. ಅದಕ್ಕೇ ಅದರಿಂದ ದೂರ ನಿಂತ ಬಾಡಿಗೆ ಮನೆಗಳನ್ನು ನೋಡುವುದೆಂದು ತೀರ್ಮಾನಿಸಿದ್ದಳು. ಮೇಸ್ತ್ರಿ ಹೂಂ ಎಂದಿದ್ದ.

ಹೂಂ ಎನ್ನದೆ ಏನು ಮಾಡಲಿ ಎಂದು ಅವನು ಈಗ ಕಾರಿನಲ್ಲಿ ಚಡಪಡಿಸುತ್ತ ಕುಳಿತಿದ್ದ. ಮೂವತ್ತೊಂದು ವರ್ಷ ಪತ್ರಿಕೆಯ ಮುದ್ರಣ ಯಂತ್ರದ ಪಕ್ಕದಲ್ಲಿ ನಿಂತವನು ಅವನು. ಎರಡು ವರ್ಷದ ಹಿಂದೆ ಆ ಪ್ರೆಸ್ಸು ಮುಚ್ಚಿದಾಗ, ಕೊನೆಯ ಸಲ ಯಂತ್ರ ನಿಲ್ಲಿಸಿದ್ದು ಅವನ ಕೈಯೇ. ಯಂತ್ರ ನಿಂತರೂ ಸದ್ದು ನಿಂತಿರಲಿಲ್ಲ. ಕಿವಿಯೊಳಗೆ ಜೀರುಂಡೆ ಹೊಕ್ಕಂತೆ ಒಂದೇ ಸಮ ಕೊರೆಯುತ್ತಿತ್ತು. ಇದು ಹೋಗುವಂಥದ್ದಲ್ಲ, ಹೊಂದಿಕೊಳ್ಳಿ ಎಂದು ವೈದ್ಯರು ಕೈಚೆಲ್ಲಿದ್ದರು. ಹಗಲು ರಸ್ತೆಯ ಗದ್ದಲದಲ್ಲಿ ಅದು ಅಡಗುತ್ತಿತ್ತು. ಮಲಗುವಾಗ ಚಳಿಗಾಲದಲ್ಲೂ ಫ್ಯಾನು ಜೋರಾಗಿ ಹಾಕಿ, ಸೆಕೆ ಎನ್ನುತ್ತಿದ್ದ. ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅವಳು ತನ್ನ ಆಸೆಯನ್ನು ಮಡಿಸಿಟ್ಟು ತಾನೇ ಎದ್ದು ರೇಡಿಯೋ ಹಚ್ಚುವವಳು. ಅವಳ ಗುಣ ಅವನಿಗೆ ಗೊತ್ತಿತ್ತು.

ನಾಲ್ಕನೆಯ ಮನೆ ರಸ್ತೆ ಮುಗಿಯುವಲ್ಲಿತ್ತು. ಕಡಲಿಗೂ ಅದಕ್ಕೂ ನಡುವೆ ಎತ್ತರದ ಮರಳ ದಿಬ್ಬ. ಅಲೆಯ ಸದ್ದೂ ಬರುತ್ತಿರಲಿಲ್ಲ. ಹೆಂಡತಿ ಚಪ್ಪಲಿ ಬಿಟ್ಟು, ಜಗಲಿಯ ಬೆತ್ತದ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದಳು. ಅವಳ ಹುಬ್ಬಿನ ನಡುವಿನ ಗಂಟು ಸಡಿಲವಾದುದನ್ನು ಅವನು ನೋಡಿದ. ಅಷ್ಟರಲ್ಲಿ ಕಿವಿಯ ಜೀರುಂಡೆ ಎದ್ದಿತು.

ಒಳಗೆ ಹೋಗಿ ಫ್ಯಾನಿನ ಸ್ವಿಚ್ಚು ಒತ್ತಿದ. ತಿರುಗಲಿಲ್ಲ. ಬಾಡಿಗೆಗೆ ಬರುವವರೆಗೆ ಮೇನ್ ಆಫ್ ಇರುತ್ತದೆ ಎಂದು ಹೆಂಗಸು ಹೊರಗಿನಿಂದಲೇ ಹೇಳಿದಳು. ಅಡುಗೆಮನೆಗೆ ಹೋದ, ಮಲಗುವ ಕೋಣೆಗೆ ಹೋದ, ಮತ್ತೆ ಬಂದ. ಹೋದಲ್ಲೆಲ್ಲ ಅದು ಬೆನ್ನು ಬಿಡಲಿಲ್ಲ. ಕಡೆಗೆ ಬಚ್ಚಲಿಗೆ ಹೊಕ್ಕು ನಲ್ಲಿ ತಿರುಗಿಸಿದ. ಬಕೆಟ್ಟಿಗೆ ನೀರು ಭೋರೆಂದು ಬಿದ್ದಾಗ ಉಸಿರು ಬಂತು. ಬಕೆಟ್ಟು ತುಂಬಿ ಹರಿದರೂ ನಿಲ್ಲಿಸಲಿಲ್ಲ.

"ಏನ್ರೀ ಇದು?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ನೀರು ಸರಿಯಾಗಿ ಬರುತ್ತಾ ನೋಡ್ತಿದ್ದೆ."

ಅವಳು ಬಗ್ಗಿ ನಲ್ಲಿ ನಿಲ್ಲಿಸಿದಳು. ಕಿವಿಯ ಸದ್ದು ಮತ್ತೆ ಎದ್ದು ಅವನು ಬೆಚ್ಚಿಬಿದ್ದ. ಆರು ವರ್ಷದ ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುವವಳ ಮುಂದೆ ಇನ್ನು ಆಟ ನಡೆಯಲಿಲ್ಲ. ಯಂತ್ರ ನಿಂತ ದಿನ, ವೈದ್ಯರ ಮಾತು, ಚಳಿಗಾಲದ ಫ್ಯಾನು, ಎಲ್ಲವನ್ನೂ ಒದ್ದೆ ನೆಲದ ಮೇಲೆ ನಿಂತೇ ಹೇಳಿಬಿಟ್ಟ. "ಈ ಮನೆ ನಿನಗೆ ಸ್ವರ್ಗ ಕಣೆ. ನನಗೆ ಒಂದು ಗಂಟೆನೂ ಆಗಲ್ಲ."

ಅವಳು ಅಳುವಳೆಂದು ಅವನು ಕಾದ. ಅವಳಿಗೆ ಬಂದದ್ದು ಸಿಟ್ಟು.

"ಎರಡು ವರ್ಷ ಸ್ವೆಟರ್ ಹಾಕ್ಕೊಂಡು ಆ ಫ್ಯಾನಿನ ಕೆಳಗೆ ಮಲಗಿದೀನಿ. ಏನೋ ದೊಡ್ಡ ಕಾಯಿಲೆ, ನನ್ನಿಂದ ಮುಚ್ಚಿಡ್ತಿದಾರೆ ಅಂತ ದಿನಾ ಹೆದರಿ ಸತ್ತಿದೀನಿ. ಎಲ್ಲಾದ್ರೂ ದೂರ ಕೂರಿಸ್ಕೊಂಡು ಕೇಳೋಣ ಅಂತ ಕರ್ಕೊಂಡು ಬಂದ್ರೆ, ಗೋಡೆ ತೇವ ಅಂತೀರಿ."

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಜಗಲಿಗೆ ನಡೆದು, ಕಡಲಿಗೆ ಹತ್ತಿರದ ಮನೆ ಯಾವುದಾದರೂ ಇದೆಯೇ ಎಂದು ಕೇಳಿದಳು. ಹೆಂಗಸು ಕಕ್ಕಾಬಿಕ್ಕಿಯಾದಳು.

"ಬೆಳಗ್ಗೆಯಿಂದ ಸದ್ದೇ ಇರಬಾರದು ಅಂತಿದ್ರಲ್ಲ ಮೇಡಂ."

"ಈಗ ಇರಬೇಕು."

ಒಂದು ಇತ್ತು. ಬಂದವರು ಅಲೆಯ ಹೊಡೆತಕ್ಕೆ ನಿದ್ದೆ ಬರದೆ ಎರಡೇ ದಿನಕ್ಕೆ ಖಾಲಿ ಮಾಡುವ ಮನೆ. ಉಪ್ಪುಗಾಳಿಗೆ ಬಣ್ಣ ಎದ್ದಿತ್ತು, ಬಾಗಿಲು ಭುಜ ಕೊಟ್ಟು ತಳ್ಳಿದರೇ ತೆರೆಯುತ್ತಿತ್ತು. ನಿನ್ನ ಗತಿ ಏನು ಎಂದು ಮೇಸ್ತ್ರಿ ಎರಡು ಸಲ ಕೇಳಿದ. ಕಡಲಿಗೆ ನನ್ನನ್ನು ಮಿಸ್ ಅನ್ನೋಕೆ ಬರಲ್ಲ ಎಂದು ಅವಳು ಚೀಲ ಒಳಗಿಟ್ಟಳು.

ಸಂಜೆಯ ಹೊತ್ತಿಗೆ ಇಬ್ಬರೂ ಮನೆಯ ಮುಂದೆ ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವಳು ಕಡಲನ್ನೇ ನೋಡುತ್ತ ಏನೋ ಅಂದಳು. ಅಲೆಯೊಂದು ಮುರಿದು ಅದನ್ನು ನುಂಗಿತು. ಅವನು ಕಿವಿಯ ಹಿಂದೆ ಕೈಯಿಟ್ಟು ಏನು ಎಂದ. ಅವಳು ಎದ್ದು ಕುರ್ಚಿಯನ್ನು ಎಳೆದುತಂದು ಅವನದಕ್ಕೆ ತಗುಲುವಂತೆ ಹಾಕಿಕೊಂಡಳು. ಬಾಗಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.