ಯಾರನ್ನು ಕೇಳಿಕೊಂಡು ಬಂದರು

ಮಂಗಳವಾರ ಬ್ಯೂನಸ್ ಐರಿಸ್‌ನ ಅಧ್ಯಕ್ಷರ ಅರಮನೆಯತ್ತ ಹೊರಟ ಮೆರವಣಿಗೆಯಲ್ಲಿ "ಅನ್ನ ಕೊಡಿ, ಕೆಲಸ ಕೊಡಿ, ಮಿಲಿಟರಿ ಸರ್ಕಾರ ತೊಲಗಲಿ" ಎಂದು ಕೂಗಿ ಹೆಗಲಿಗೆ ಲಾಠಿ ಏಟು ತಿಂದು ಬಂದ ಅನ್ಸೆಲ್ಮೊ, ಶುಕ್ರವಾರ ಅರಮನೆ ಮುಂದಿನ ಚೌಕಕ್ಕೆ ಬಾವುಟ ಹಿಡಿದು ಹೊರಟ. ಅವತ್ತು ಬೆಳಗ್ಗೆ ಅದೇ ಸರ್ಕಾರದ ಸೇನೆ ದಕ್ಷಿಣ ಸಮುದ್ರದ ಮಾಲ್ವಿನಾಸ್ ದ್ವೀಪಗಳನ್ನು ಬ್ರಿಟಿಷರಿಂದ ಕಿತ್ತುಕೊಂಡಿತ್ತು. ಹೆಂಡತಿ ನೆಲಿದಾಗೆ ಮೈಯೆಲ್ಲ ಉರಿಯಿತು.

"ನಾಚಿಕೆ ಆಗಲ್ವಾ ನಿಂಗೆ? ಮೊನ್ನೆ ಹೊಡೆದೋರಿಗೆ ಇವತ್ತು ಜೈಕಾರ!"

"ಅವರಿಗಲ್ಲ ಕಣೇ, ದ್ವೀಪಕ್ಕೆ. ಅದು ನಮ್ದು ಅಂತ ಒಂದನೇ ಕ್ಲಾಸಲ್ಲೇ ಓದಿಲ್ವಾ?"

"ಓದಿದೀನಿ. ಇಷ್ಟು ವರ್ಷ ಇಲ್ಲದ್ದು ಈ ವಾರವೇ ಯಾಕೆ ನೆನಪಾಯ್ತು? ಕುರ್ಚಿ ಅಲ್ಲಾಡ್ತಿದೆ, ಅದಕ್ಕೆ!"

"ಮೆತ್ತಗೆ ಮಾತಾಡು ಮಾರಾಯ್ತಿ," ಎಂದು ಅವನು ಕಿಟಕಿ ಮುಚ್ಚಿದ.

ಅವಳ ಚಿಂತೆಯೆಲ್ಲ ಮಗ ಫಾಬಿಯೊನದು. ಕಡ್ಡಾಯ ಸೇನಾ ಸೇವೆ ಮುಗಿಸಿ ಈಗಷ್ಟೇ ಮನೆ ಸೇರಿದ್ದ ಹುಡುಗ. ನದಿ ದಾಟಿಸಿ ಪಕ್ಕದ ದೇಶದ ಮಾಂಟೆವಿಡಿಯೊದಲ್ಲಿರುವ ತನ್ನ ತಂಗಿಯ ಮನೆಗೆ ಕಳಿಸೋಣ ಎಂದಳು. ಅನ್ಸೆಲ್ಮೊ ನಕ್ಕ. "ನಾಲ್ಕು ಕುರಿಮಂದೆಗೋಸ್ಕರ ಬ್ರಿಟಿಷರು ಅಷ್ಟು ದೂರದಿಂದ ಬರ್ತಾರಾ?"

ಬ್ರಿಟಿಷರ ಯುದ್ಧದ ಹಡಗುಗಳು ಹೊರಟೇಬಿಟ್ಟವು.

ಮರುವಾರ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಪೊಲೀಸ್ ಟೋಪಿ ಕಂಡದ್ದೇ ಅನ್ಸೆಲ್ಮೊನ ಮುಖ ಬಿಳಿಚಿಕೊಂಡಿತು. ಹೀಗೆ ಬಂದು ಕರೆದೊಯ್ದವರು ಎಲ್ಲಿದ್ದಾರೆಂದು ಯಾರೂ ಹೇಳದ ಕಾಲ ಅದು. ಮೆರವಣಿಗೆಯ ಫೋಟೋದಲ್ಲಿ ತನ್ನ ಮುಖ ಬಿದ್ದಿರಬೇಕು ಅಂದುಕೊಂಡವನೇ ಹಿತ್ತಲ ಏಣಿ ಹತ್ತಿ ತಾರಸಿಯ ನೀರಿನ ಟ್ಯಾಂಕ್ ಹಿಂದೆ ಕುಕ್ಕರಿಸಿದ. ನೆಲಿದಾ ಬಾಗಿಲು ತೆಗೆದಳು.

"ಅನ್ಸೆಲ್ಮೊ ರೊಲ್ದಾನ್ ಮನೆ ತಾನೇ?"

"ಅವನಿಲ್ಲ. ಎಲ್ಲಿ ಹೋದ್ನೋ ಗೊತ್ತಿಲ್ಲ."

"ಅವರ ಹತ್ರ ನಮಗೇನೂ ಕೆಲಸ ಇಲ್ಲಮ್ಮ."

"ದೇವರು ದೊಡ್ಡವನು!" ಎಂದುಬಿಟ್ಟಳು ನೆಲಿದಾ. ಹೋದ ಜೀವ ಬಂದಂತಾಗಿ ಪೊಲೀಸನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಅವನೂ ನಕ್ಕ. "ಮಗ ಇದಾನಾ, ಫಾಬಿಯೊ? ಅರವತ್ತೆರಡರಲ್ಲಿ ಹುಟ್ಟಿದೋರನ್ನೆಲ್ಲ ವಾಪಸ್ ಕರೀತಿದಾರೆ. ನಾಳೆ ಬೆಳಗ್ಗೆ ಬ್ಯಾರಕ್‌ಗೆ ಬರ್ಬೇಕು. ದ್ವೀಪಕ್ಕೆ ಹೋಗೋದು."

ಅವಳು ಹಿಡಿದ ಕೈ ಬಿಡಲಿಲ್ಲ. ಬಿಟ್ಟರೆ ಆ ಮಾತು ನಿಜವಾಗಿಬಿಡುತ್ತದೆ ಅನಿಸಿತು.

"ಕೈ ಬಿಡಿ ಅಮ್ಮ. ಇನ್ನೂ ತುಂಬಾ ಮನೆಗೆ ಹೋಗ್ಬೇಕು."

ಅವನು ಹೋದ ಮೇಲೆ ತಾರಸಿಯಿಂದ ಪಿಸುದನಿ ಕೇಳಿತು. "ಹೋದ್ರಾ? ಇಳೀಲಾ?"

"ಇಳಿ," ಎಂದಳು. "ನಿನಗೇನೂ ಆಗಲ್ಲ. ಫಾಬಿಯೊನ ಕೇಳ್ಕೊಂಡು ಬಂದಿದ್ರು."