ಕಳೆಯಬೇಕಾದ ಕಿರಣಗಳು

ಭಾವನ ಮೆದುಳಿನ ಪೆಟ್ ಸ್ಕ್ಯಾನ್ ಚೆನ್ನಾಗಿದೆ ಎಂದು ಡಾಕ್ಟರು ಬಾಯಿಮಾತಿನಲ್ಲಿ ಹೇಳಿದ್ದೇ ತಡ, ಅಕ್ಕ ಕಾರಿಡಾರಿನಲ್ಲೇ ಅತ್ತುಬಿಟ್ಟಳು. ಭಾವ ಶಾಲಾ ಬಸ್ಸಿನ ಡ್ರೈವರ್. ಈಚೆಗೆ ಒಂದೆರಡು ಸಲ ಮಕ್ಕಳನ್ನು ತುಂಬಿಕೊಂಡು ದಾರಿ ತಪ್ಪಿ ಎಲ್ಲೆಲ್ಲೋ ಹೋಗಿಬಿಟ್ಟಿದ್ದರು. ಮರೆವಿನ ಕಾಯಿಲೆಯಲ್ಲ ಎಂದು ಸ್ಕ್ಯಾನ್ ಹೇಳಿದರೆ ಮತ್ತೆ ಸ್ಟಿಯರಿಂಗ್, ಇಲ್ಲದಿದ್ದರೆ ಮನೆ.

"ನೋಡಿದ್ಯೇನಮ್ಮ? ಈ ತಲೆಯೊಳಗೂ ಮೆದುಳಿದೆ ಅಂತ ಆಸ್ಪತ್ರೆ ಮುದ್ರೆ ಬಿತ್ತು. ನಿಮ್ಮಕ್ಕ ಇಷ್ಟು ವರ್ಷ ನಂಬಿರ್ಲಿಲ್ಲ," ಎಂದು ಭಾವ ನನ್ನನ್ನು ನೋಡಿ ನಕ್ಕರು.

ನಾನು ಅದೇ ಆಸ್ಪತ್ರೆಯ ಭೌತವಿಜ್ಞಾನಿ. ಯಂತ್ರ ಕೊಟ್ಟ ಚಿತ್ರವನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ. ಅಭ್ಯಾಸಬಲದಿಂದ ಚಿತ್ರ ತೆರೆದೆ. ಮೆದುಳಿನ ನಡುವೆ ನೀರು ತುಂಬಿದ ಗೂಡುಗಳಿವೆ. ಸ್ಕ್ಯಾನಿಗೆಂದು ಚುಚ್ಚಿದ, ಕಿರಣ ಸೂಸುವ ಔಷಧಿ ಮೆದುಳು ಚುರುಕಾಗಿರುವ ಕಡೆ ಸೇರಿ ಬೆಳಗುತ್ತದೆ. ಈ ಗೂಡುಗಳಲ್ಲಿ ಸೇರುವುದಿಲ್ಲ, ಹಾಗಾಗಿ ಅವು ಕಪ್ಪಗಿರಬೇಕು. ಭಾವನವು ಬೂದುಬಣ್ಣಕ್ಕಿದ್ದವು.

ಔಷಧಿಯಿಂದ ಹೊರಟ ಕಿರಣಗಳಲ್ಲಿ ಕೆಲವು ದಾರಿಯಲ್ಲೇ ಡಿಕ್ಕಿ ಹೊಡೆದು ಪಕ್ಕಕ್ಕೆ ತಿರುಗುತ್ತವೆ. ಯಂತ್ರ ಪಾಪ, ಅವು ನೆಟ್ಟಗೇ ಬಂದವೆಂದು ನಂಬಿ ಇಲ್ಲದ ಕಡೆ ಬೆಳಕು ಬಳಿಯುತ್ತದೆ. ಹೀಗೆ ಚದುರಿದ ಪಾಲನ್ನು ಲೆಕ್ಕಹಾಕಿ ಕಳೆಯಬೇಕು. ಕಳೆಯದಿದ್ದರೆ ಸೋತ ಜಾಗವೂ ಗಟ್ಟಿಮುಟ್ಟಾಗಿ ಕಾಣುತ್ತದೆ.

ನಮ್ಮ ಟೆಕ್ನಿಷಿಯನ್ನನ್ನು ಎಲ್ಲರೂ ಗಡಿಬಿಡಿ ಎನ್ನುತ್ತೇವೆ. ಬೆಳಿಗ್ಗೆ ನೀರಿನ ಡಬ್ಬಿಯಿಟ್ಟು ಯಂತ್ರ ಪರೀಕ್ಷಿಸುವಾಗ, ಎಷ್ಟು ಚದುರುತ್ತದೆಂದು ನೋಡಲು ಆ ಕಳೆಯುವ ಲೆಕ್ಕವನ್ನು ಬೇಕೆಂದೇ ನಿಲ್ಲಿಸುತ್ತಾನೆ. ಅವತ್ತು ಮತ್ತೆ ಚಾಲೂ ಮಾಡುವುದನ್ನು ಮರೆತಿದ್ದ.

"ಅಯ್ಯೋ ಮೇಡಂ, ಇನ್ನೊಂದ್ಸಲ ಸ್ಕ್ಯಾನ್ ಏನೂ ಬೇಡ. ಲೆಕ್ಕ ಮಾತ್ರ ಮತ್ತೆ ಮಾಡ್ಸಿದ್ರೆ ಸಾಕು," ಎಂದು ತಲೆ ಕೆರೆದುಕೊಂಡ.

ಅದು ನನಗೂ ಗೊತ್ತಿತ್ತು. ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಬಸ್ಸಿನ ತುಂಬ ಮಕ್ಕಳಿರುತ್ತಾರೆ. ಮನಸ್ಸು ಗಟ್ಟಿಮಾಡಿ ಲೆಕ್ಕ ಮತ್ತೆ ಮಾಡಿಸಿದೆ.

ನೀರಿನ ಗೂಡುಗಳು ಕಪ್ಪಾದವು. ಜೊತೆಗೆ ಎರಡೂ ಕಿವಿಗಳ ಮೇಲೆ, ಹಿಂಬದಿಗೆ, ಮೆದುಳೇ ಮಂಕಾಯಿತು. ಡಾಕ್ಟರು ಬಹಳ ಹೊತ್ತು ನೋಡಿ, ಅಕ್ಕ ಭಾವ ಇಬ್ಬರನ್ನೂ ಮತ್ತೆ ಒಳಗೆ ಕರೆಸಿ, ಇದು ಮರೆವಿನ ಕಾಯಿಲೆಯೇ ಎಂದು ಹೇಳಿದರು.

ಹೊರಗೆ ಬಂದ ಅಕ್ಕ ನನ್ನ ಮೇಲೆ ಹರಿಹಾಯ್ದಳು. "ಚೆನ್ನಾಗಿದ್ದಿದ್ದನ್ನ ಯಾಕೆ ಕೆದಕೋಕೆ ಹೋದೆ? ಮೊದಲ್ನೇ ಚಿತ್ರನೇ ಇರ್ಲಿ ಬಿಡು!"

"ಅದು ಸುಳ್ಳು ಚಿತ್ರ, ಅಕ್ಕ."

"ತಲೆ ಕೆಟ್ಟಿರೋದು ನಿನ್ನ ಯಂತ್ರಕ್ಕೆ, ಇವರಿಗಲ್ಲ."

ಹಾಗೇ ಆಗಲಿ ಎಂದು ನಾನೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಭಾವ ಮಾತ್ರ ಸಮಾಧಾನವಾಗಿ ಫೋನ್ ತೆಗೆದರು. "ನೀವಿಬ್ರೂ ಆಮೇಲೆ ಜಗಳ ಆಡಿ. ನಾಳೆ ಮಕ್ಳು ರಸ್ತೇಲಿ ನಿಂತಿರ್ತಾರೆ, ಬೇರೆ ಡ್ರೈವರನ್ನ ಹಾಕ್ಬೇಕಲ್ಲ." ಶಾಲೆಯ ಆಫೀಸಿಗೆ ಫೋನ್ ಮಾಡಿ, ಇನ್ನು ಬರುವುದಿಲ್ಲ ಎಂದರು. ಆ ಕಡೆಯವರು ಏನೋ ಕೇಳಿದರು. ಭಾವ ತಡವರಿಸಿದರು. ಫೋನನ್ನು ಅಂಗೈಯಿಂದ ಮುಚ್ಚಿ ಅಕ್ಕನ ಕಡೆ ತಿರುಗಿದರು.

"ನಂದು ಎಷ್ಟನೇ ನಂಬರ್ ಬಸ್ಸೇ?"

ಅಕ್ಕ ಮೆಲ್ಲಗೆ ಹೇಳಿದಳು. ಆಮೇಲೆ ಅವಳು ನನ್ನ ಜೊತೆ ಜಗಳ ಆಡಲಿಲ್ಲ.